ಕೊರಡು ಹೊತ್ತವರು ಒಬ್ಬರಿದ್ದರು

ಎರಡು ಮಳೆಗಾಲ ಕಳೆದರೂ ಜನ ನನ್ನನ್ನು ಕೇಳುವ ಪ್ರಶ್ನೆ ಬದಲಾಗಿಲ್ಲ. ಶಿರಸಿಯ ಪೇಟೆಯಲ್ಲಿ ಯಾರೋ ಛತ್ರಿ ಮಡಚುತ್ತ ನಿಲ್ಲಿಸುತ್ತಾರೆ. ಸಿದ್ದಾಪುರದಲ್ಲಿ ದೊಡ್ಡಮ್ಮನ ಮನೆಗೆ ಹೋದರೆ ಪಕ್ಕದ ಮನೆಯವರು ಬಂದು ಕೂರುತ್ತಾರೆ. ಎಲ್ಲರದೂ ಒಂದೇ ಮಾತು: ‘ಆವತ್ತು ಮೋಟಾರಿನ ಬ್ರೇಕು ಕೆಟ್ಟಿತ್ತೋ, ಡ್ರೈವರ್ ಬ್ರೇಕು ಹಾಕಲಿಲ್ಲವೋ?’ ಕೆಟ್ಟಿರಲಿಲ್ಲ ಎಂದರೆ ‘ಹಾಗಾದರೆ ಹಾಕಲಿಲ್ಲ ಅನ್ನಿ’ ಎನ್ನುತ್ತಾರೆ. ಹಾಕಿದ್ದ ಎಂದರೆ ‘ಹಾಗಾದರೆ ಕೆಟ್ಟಿತ್ತು ಅನ್ನಿ’ ಎನ್ನುತ್ತಾರೆ. ಎರಡೂ ಅಲ್ಲ ಎಂದರೆ ನನ್ನ ಮುಖವನ್ನು ಕನಿಕರದಿಂದ ನೋಡುತ್ತಾರೆ. ಪಾಪ, ಓದಿದ ಹುಡುಗ, ಹೆದರಿಕೆಯಿಂದ ಇನ್ನೂ ಸರಿಹೋಗಿಲ್ಲ.

ಹೆದರಿಕೆ ಹೋಗಿಲ್ಲ ಎಂಬುದೇನೋ ನಿಜ. ಎಲ್ಲಾದರೂ ಒಂದು ಎತ್ತಿನ ಗಾಡಿ ನಾಲ್ಕು ಅಂಗುಲ ಹಿಂದಕ್ಕೆ ಸರಿದರೂ ನನ್ನ ಕಾಲು ತಾನಾಗಿ ಪಕ್ಕಕ್ಕೆ ಜಿಗಿಯುತ್ತದೆ. ಆದರೆ ತಲೆ ನೆಟ್ಟಗೇ ಇದೆ. ಕೆಟ್ಟಿರುವುದು ಅವರ ಪ್ರಶ್ನೆ. ಒಮ್ಮೆ ಮೊದಲಿನಿಂದ ಬರೆದಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನು ಕೊಟ್ಟು ಸುಮ್ಮನಾಗಬಹುದು.

ಮುಂಬಯಿಯ ಕಾಲೇಜಿನಲ್ಲಿ ನಾನು ಸಂಸ್ಕೃತ ಬಿಟ್ಟು ಫ್ರೆಂಚ್ ತೆಗೆದುಕೊಂಡಿದ್ದೆ. ಅದಕ್ಕೆ ದೊಡ್ಡ ಕಾರಣವೇನಿಲ್ಲ. ಸಂಸ್ಕೃತ ತೆಗೆದುಕೊಂಡರೆ ಊರಿಗೆ ಬಂದಾಗಲೆಲ್ಲ ಪ್ರತಿ ಜಗಲಿಯಲ್ಲೂ ಒಬ್ಬ ಪರೀಕ್ಷಕ ಕೂತಿರುತ್ತಿದ್ದ. ಬಿ.ಎ. ಮುಗಿಸಿ, ನೌಕರಿ ಸಿಗದೆ ತಿರುಗಿ ಬಂದಾಗ ದೊಡ್ಡಮ್ಮ ಕೇಳಿದ್ದಳು, ‘ಆ ಭಾಷೆ ಇಲ್ಲಿ ಯಾರ ಹತ್ರ ಮಾತಾಡ್ತ್ಯೋ ತಮಾ? ಎಮ್ಮೆ ಹತ್ರವಾ?’

ಉತ್ತರ ಆ ವರ್ಷ ದೀಪಾವಳಿ ಕಳೆದ ಮೇಲೆ ತಾನಾಗಿ ಬಂತು. ಬೀಟೆ ಮತ್ತು ತೇಗದ ಮರ ನೋಡಿ ಕೊಳ್ಳಲು ಒಬ್ಬ ಫ್ರೆಂಚ್ ವ್ಯಾಪಾರಿ ಪಾಂಡಿಚೇರಿಯಿಂದ ಶಿರಸಿಗೆ ಬಂದಿಳಿದ. ಕೆಂಪು ಮುಖ, ದೊಡ್ಡ ಮೀಸೆ, ಬೆವರಿನಿಂದ ನೆನೆದ ಬಿಳಿ ಕೋಟು. ಅವನ ಇಂಗ್ಲಿಷು ಹತ್ತು ಶಬ್ದಕ್ಕೆ ಮುಗಿಯುತ್ತಿತ್ತು. ನಮ್ಮೂರ ಕಟ್ಟಿಗೆ ವ್ಯಾಪಾರಿಯೊಬ್ಬರು ನನ್ನನ್ನು ಹುಡುಕಿಕೊಂಡು ಬಂದು, ‘ನೀವು ದುಭಾಷಿ ಆಗ್ಬೇಕು, ಮೂರು ತಾಲೂಕಿಗೆ ನೀವೊಬ್ರೇ’ ಎಂದರು. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆ ಮಾರನೆಯ ದಿನ ಮಧ್ಯಾಹ್ನದ ಊಟದವರೆಗೆ ಇತ್ತು.

ನಾನು ಕಲಿತದ್ದು ಪುಸ್ತಕದ ಫ್ರೆಂಚ್. ಕರ್ತೃ, ಕ್ರಿಯೆ, ಕರ್ಮ, ಎಲ್ಲ ಸಾಲಾಗಿ ನಿಂತ ಶಾಲೆಯ ಮಕ್ಕಳ ಹಾಗೆ. ಈ ಮನುಷ್ಯನ ಬಾಯಲ್ಲಿ ಒಂದೂ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ಕಾಫಿ ತಣ್ಣಗಿದೆ ಎನ್ನಲು ‘ಈ ಕಾಫಿ, ಅದು ತಣ್ಣಗಿದೆ’ ಎನ್ನುತ್ತಿದ್ದ. ಸಕ್ಕರೆ ಬೇಡ ಎನ್ನಲು ‘ನಾನು, ಸಕ್ಕರೆ, ಅದನ್ನು ನಾನು ಹಾಕಿಕೊಳ್ಳುವುದಿಲ್ಲ’ ಎನ್ನುತ್ತಿದ್ದ. ಪ್ರತಿಯೊಂದನ್ನೂ ಎರಡೆರಡು ಸಲ ಹೇಳುವ ಈತ ಸರಿಯಾಗಿ ಶಾಲೆಗೆ ಹೋದವನಲ್ಲ ಎಂದು ನಾನು ತೀರ್ಮಾನಿಸಿದೆ.

ಊಟಕ್ಕೆ ಕಟ್ಟಿಗೆ ವ್ಯಾಪಾರಿಗಳ ಮನೆಯಲ್ಲಿ ಕೂತಿದ್ದೆವು. ಆತ ಒಂದು ತುತ್ತು ತಿಂದು ಕಣ್ಣರಳಿಸಿ, ‘ಚೆನ್ನಾಗಿದೆ ಅದು, ಸಾರು’ ಎಂದ. ನಾನು ಆ ಎರಡು ತುಂಡನ್ನೂ ಉಳಿಸಲು ಹೋಗಿ, ‘ಸಾರೇನೋ ಚೆನ್ನಾಗಿದೆಯಂತೆ’ ಎಂದು ಹೇಳಿದೆ. ಮನೆಯೊಡತಿ ಬಾಗಿಲ ಹಿಂದಿನಿಂದ ಕೇಳಿದರು, ‘ಹಂಗಾರೆ ಪಲ್ಯಕ್ಕೆ ಎಂತ ಆಯ್ದಡ?’ ಪಲ್ಯಕ್ಕೆ ಏನೂ ಆಗಿರಲಿಲ್ಲ. ಅದಕ್ಕೆ ಏನೂ ಆಗಿಲ್ಲ ಎಂದು ಹೇಳುವಷ್ಟರಲ್ಲಿ ಹುಳಿಯ ಬಗ್ಗೆ ಸಂಶಯ ಬಂತು. ಹುಳಿಯನ್ನು ಹೊಗಳುವಷ್ಟರಲ್ಲಿ ಉಪ್ಪಿನಕಾಯಿ ಸಿಟ್ಟಾಯಿತು. ಆ ಮನುಷ್ಯ ಎಲ್ಲವನ್ನೂ ಎರಡು ಸಲ ಬಡಿಸಿಕೊಂಡು ಉಂಡ. ನಾನು ಮಾತ್ರ ಅರ್ಧ ಹೊಟ್ಟೆಯಲ್ಲಿ ಎದ್ದೆ.

ನಾಲ್ಕಾರು ದಿನ ಅವನ ಜೊತೆ ತಿರುಗಿದ ಮೇಲೆ ನನಗೆ ತಿಳಿದದ್ದು ಇಷ್ಟು. ಸಾರನ್ನು ಮಾತಿನ ಮೊದಲಿಗೆ ತಂದು ನಿಲ್ಲಿಸಿದರೆ ಕೇಳುವವರು ‘ಉಳಿದದ್ದು ಹೇಗೆ?’ ಎಂದು ಯೋಚಿಸಲು ಶುರುಮಾಡುತ್ತಾರೆ. ಅದನ್ನೇ ಕೊನೆಗೆ ತಂದು ಇಟ್ಟರೆ, ಎಲ್ಲರಿಗೂ ಗೊತ್ತಿರುವ ವಸ್ತುವಿನ ಹೆಸರನ್ನು ಸುಮ್ಮನೆ ನೆನಪಿಸಿದಂತೆ. ಯಾರೂ ಪಲ್ಯದ ಕಡೆ ನೋಡುವುದಿಲ್ಲ. ಅವನು ಎರಡನ್ನೂ ಬೇಕಾದಲ್ಲಿ ಬೇಕಾದಂತೆ ಬಳಸುತ್ತಿದ್ದ. ಅದು ಅಶಿಕ್ಷಿತರ ಮಾತಲ್ಲ. ತಾನು ಹೇಳಿದ್ದನ್ನು ಕೇಳಿ ಎದುರಿನವನು ಇನ್ನೇನು ಊಹಿಸಬಹುದೋ ಅದಕ್ಕೆ ಮೊದಲೇ ಬೇಲಿ ಹಾಕುವ ಮಾತು. ‘ನಾನು, ನಾನು ನೋಡಿದೆ’ ಎಂದರೆ ಅಲ್ಲಿಗೆ ಬಿಡದೆ ‘ಉಳಿದವರು, ನನಗೆ ಗೊತ್ತಿಲ್ಲ’ ಎಂದು ಸೇರಿಸುತ್ತಿದ್ದ. ತೆರೆದ ಬಾಗಿಲನ್ನು ಮುಚ್ಚಿಯೇ ಹೋಗುತ್ತಿದ್ದ. ನಮ್ಮಲ್ಲಿ ಬಾಗಿಲು ತೆರೆದವರು ಅದನ್ನು ಹಾಗೇ ಬಿಟ್ಟು ಹೊರಟುಹೋಗುತ್ತಾರೆ. ಒಳಗೆ ಏನು ನುಗ್ಗಿದರೂ ಅದು ಅವರ ತಪ್ಪಲ್ಲ.

ಈಗ ಆ ದಿನದ ಮಾತು.

ಯಲ್ಲಾಪುರದ ಕಟ್ಟಿಗೆ ಡಿಪೋ ನೋಡಲು ನಾವಿಬ್ಬರೂ ಶಿರಸಿಯಿಂದ ಬೆಳಗಿನ ಸರ್ವಿಸ್ ಮೋಟಾರಿನಲ್ಲಿ ಹೊರಟೆವು. ಡ್ರೈವರ್ ಶಿರಸಿಯ ಸಾಬರು, ನಲವತ್ತರ ಆಸುಪಾಸಿನವರು. ಆ ರಸ್ತೆಗೆ ಮೋಟಾರು ಬಂದ ದಿನದಿಂದ ಓಡಿಸುತ್ತಿದ್ದವರು. ನನ್ನನ್ನು ‘ಬಿ.ಎ. ಸಾಹೇಬ್ರೆ’ ಎಂದು ಕರೆದು ನಗುತ್ತಿದ್ದರು. ಹಿಂದಿನ ಸೀಟಿನಲ್ಲಿ ದಾಸನಕೊಪ್ಪದ ಕಡೆಯ ಒಬ್ಬ ರೈತ ಯಜಮಾನರು, ಅವರ ಮಗಳು, ಹೊಸ ಅಳಿಯ. ಮದುವೆಯಾಗಿ ತಿಂಗಳು ಕಳೆದಿರಲಿಲ್ಲ. ಹುಡುಗಿಯನ್ನು ಕಿರವತ್ತಿಯ ಗಂಡನ ಮನೆಗೆ ಬಿಟ್ಟುಬರಲು ಅಪ್ಪ ಹೊರಟಿದ್ದರು. ಇವರಲ್ಲದೆ ಒಂದಿಷ್ಟು ಜನ, ಹೆಂಗಸರು, ಕೋಳಿಬುಟ್ಟಿ.

ಬೇಡ್ತಿ ಹೊಳೆ ದಾಟಿದ ಮೇಲೆ ಒಂದು ದೊಡ್ಡ ಏರಿದೆ. ಒಂದು ಕಡೆ ಗೋಡೆಯಂತೆ ಎದ್ದ ಮಣ್ಣಿನ ದರೆ, ಇನ್ನೊಂದು ಕಡೆ ಕಣಿವೆ. ಅಲ್ಲಿ ಗಂಡಸರೆಲ್ಲ ಇಳಿದು ನಡೆಯುವುದು, ಹೆಂಗಸರು ಒಳಗೇ ಕೂರುವುದು ರೂಢಿ. ಮೋಟಾರಿನ ಬ್ರೇಕು ಸಪಾಟು ರಸ್ತೆಯಲ್ಲಿ ಒಳ್ಳೆಯದೇ. ಆ ಏರಿನಲ್ಲಿ ನಿಲ್ಲಿಸಬೇಕಾದರೆ ಮಾತ್ರ ಅದು ಎರಡು ಉಸಿರಿನಷ್ಟು ಹೊತ್ತಷ್ಟೇ ಗಾಲಿಯನ್ನು ಹಿಡಿದಿಡುತ್ತದೆ. ಅಷ್ಟರಲ್ಲಿ ಹಿಂದಿನ ಗಾಲಿಗೆ ಮತ್ತಿ ಮರದ ಕೊರಡೊಂದನ್ನು ಅಡ್ಡ ಇಡಬೇಕು. ಇದು ಆ ರಸ್ತೆಯ ಎಲ್ಲ ಮೋಟಾರಿನ ರೀತಿ. ಕೊರಡು ಹೊರುವುದು ಕಡೆಯ ಸೀಟಿನಲ್ಲಿ ಕೂತವರ ಕೆಲಸ. ಅದನ್ನು ಯಾರೂ ಹೇಳಿಕೊಡುವುದಿಲ್ಲ, ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಹಾಗಾಗಿ ಕೊರಡನ್ನು ದಾಸನಕೊಪ್ಪದ ಯಜಮಾನರು ಹೆಗಲಿಗಿಟ್ಟುಕೊಂಡು ಗಾಲಿಯ ಪಕ್ಕದಲ್ಲಿ ನಡೆಯುತ್ತಿದ್ದರು.

ನಾನು ಮತ್ತು ಫ್ರೆಂಚ್ ವ್ಯಾಪಾರಿ ಮೋಟಾರಿನ ನೇರ ಹಿಂದೆ ಇದ್ದೆವು. ಆತ ಕಣಿವೆಯ ಕಡೆಯ ಒಂದು ಮರ ತೋರಿಸಿ ಅದು ಯಾವುದು ಎಂದು ಕೇಳಿದ. ನಾನು ಆ ಕಡೆ ತಿರುಗಿ, ಹೊನ್ನೆ, ಎಂದೆ. ಅಷ್ಟರಲ್ಲಿ ಇಂಜಿನು ಕೆಮ್ಮಿ ನಿಂತಿತು. ಡ್ರೈವರ್ ಒಳಗಿನಿಂದ ‘ಕೊರಡು!’ ಎಂದು ಕೂಗಿದರು. ಏನೋ ಮಾತು ಕೇಳಿಸಿತು, ‘ಬಿಡ್ರಿ, ಬಿಡ್ರಿ’ ಎಂದು. ಡ್ರೈವರ್ ಮತ್ತೆ ಕೂಗಿದರು, ಈ ಸಲ ದನಿ ಬೇರೆಯಾಗಿತ್ತು. ನಾನು ತಿರುಗಿದಾಗ ಮೋಟಾರು ನನ್ನ ಕಡೆ ಬರುತ್ತಿತ್ತು.

ಅದರ ಹಿಂಬದಿ ದೊಡ್ಡದಾಗುತ್ತ ಬಂತು. ಅಷ್ಟೇ ನನಗೆ ನೆನಪಿರುವುದು, ಅದನ್ನೇ ನಾನು ದಿನಕ್ಕೆ ನಾಲ್ಕು ಸಲ ನೋಡುತ್ತೇನೆ. ಶಬ್ದವೇ ಇರಲಿಲ್ಲ, ಇಂಜಿನು ನಿಂತಿತ್ತಲ್ಲ. ಗಾಲಿಯ ಅಡಿಯ ಜಲ್ಲಿ ಮಾತ್ರ ಕರಕರ ಎನ್ನುತ್ತಿತ್ತು. ಫ್ರೆಂಚ್ ವ್ಯಾಪಾರಿ ನನ್ನ ಕೋಟಿನ ಕಾಲರು ಹಿಡಿದು ಚರಂಡಿಗೆ ಎಳೆದ. ಎಡಗಾಲಿನ ಚಪ್ಪಲಿ ರಸ್ತೆಯಲ್ಲೇ ಉಳಿಯಿತು. ಗಾಲಿ ಅದರ ಮೇಲೆ ಹೋಯಿತು. ಕಣಿವೆಯ ಕಡೆಗೆ ಸರಿಯುತ್ತಿದ್ದ ಮೋಟಾರನ್ನು ಡ್ರೈವರ್ ಸ್ಟಿಯರಿಂಗ್ ತಿರುಗಿಸಿ ಹಿಮ್ಮುಖವಾಗಿಯೇ ದರೆಗೆ ಒರಗಿಸಿದರು. ಹಿಂಬದಿ ಜಜ್ಜಿಹೋಯಿತು. ಕೋಳಿಗಳು ಕಿಟಕಿಯಿಂದ ಹಾರಿದವು. ಹೆಂಗಸರು ಕಿರುಚುತ್ತ ಇಳಿದರು. ಕೊನೆಗೆ ಇಳಿದವಳು ಆ ಹೊಸ ಮದುಮಗಳು. ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡಿದ್ದಳು. ಮಣಿಕಟ್ಟು ಮುರಿದಿತ್ತು, ಬಳೆಯ ಚೂರು ಸೀರೆಯ ಮಡಿಕೆಯಲ್ಲಿ ಮಿನುಗುತ್ತಿತ್ತು. ಅಳಲಿಲ್ಲ. ಅಪ್ಪನನ್ನೂ ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ.

ಯಾರೂ ಸಾಯಲಿಲ್ಲ. ಅದನ್ನು ಮೊದಲು ಹೇಳಬೇಕಿತ್ತೇನೋ.

ಯಲ್ಲಾಪುರದಿಂದ ಪೋಲೀಸರು ಬಂದು ಪಂಚನಾಮೆ ಮಾಡಿದರು. ಕರನಿರಾಕರಣೆಯ ಗದ್ದಲ ಮುಗಿದು ಬಹಳ ಕಾಲ ಆಗಿರಲಿಲ್ಲ. ಪೋಲೀಸರ ಮುಂದೆ ಬಾಯಿ ಬಿಟ್ಟರೆ ಆ ಮಾತು ಯಾವ ಹೊಲಕ್ಕೆ ಹೋಗಿ ಮೊಳೆಯುತ್ತದೋ ಎಂದು ಜನರಿಗೆ ಭಯವಿತ್ತು. ಜವಾನನೊಬ್ಬ ಬ್ರೇಕು ಒತ್ತಿ ನೋಡಿ ಸರಿಯಿದೆ ಎಂದ. ಆಮೇಲೆ ದಾಸನಕೊಪ್ಪದ ಯಜಮಾನರನ್ನು ಕೇಳಿದರು. ಅವರು ತಲೆಯ ರುಮಾಲು ಸರಿಮಾಡಿಕೊಂಡು ಹೇಳಿದ್ದು ಒಂದೇ ಮಾತು:

‘ಡ್ರೈವರ್‌ದ ತಪ್ಪು ಅಂತಲ್ರೀ...’

ಅಲ್ಲಿಗೆ ನಿಲ್ಲಿಸಿದರು. ಆ ‘ಅಂತಲ್ರೀ’ ಗಾಳಿಯಲ್ಲಿ ತೂಗಾಡಿತು. ಅಲ್ಲಿದ್ದವರೆಲ್ಲ ಅದಕ್ಕೆ ಬಾಲ ಹಚ್ಚಿದರು. ತಪ್ಪು ಅಂತಲ್ಲ ಅಂದರೆ ತಪ್ಪೇ, ಪಾಪ ದೊಡ್ಡ ಮನುಷ್ಯರು, ಬಾಯಿಬಿಟ್ಟು ಹೇಳುತ್ತಿಲ್ಲ. ಅಳಿಯನನ್ನು ಕೇಳಿದರೆ ಅವನು, ‘ಮಾವಾರು ಹೇಳ್ಯಾರಲ್ರಿ’ ಎಂದ. ಸಂಜೆಯ ಹೊತ್ತಿಗೆ ಡ್ರೈವರಿನ ಲೈಸೆನ್ಸು ಪೋಲೀಸರ ಕಿಸೆಯಲ್ಲಿತ್ತು. ಯಲ್ಲಾಪುರದಲ್ಲಿ ಫೌಜದಾರರ ಮುಂದೆ ವಿಚಾರಣೆ, ತಪ್ಪು ಸಿದ್ಧವಾದರೆ ಲೈಸೆನ್ಸು ಹೋದಂತೆಯೇ ಎಂದು ತಿಳಿಯಿತು. ಡ್ರೈವರಿಗೆ ಬೇರೆ ಕಸಬು ಗೊತ್ತಿರಲಿಲ್ಲ, ಮನೆಯಲ್ಲಿ ದುಡಿಯುವವರು ಅವರೊಬ್ಬರೇ.

ಬೇರೆ ಮೋಟಾರಿಗಾಗಿ ಕಾಯುತ್ತ ನಾನು ಒಂದೇ ಚಪ್ಪಲಿಯಲ್ಲಿ ಮೈಲುಗಲ್ಲಿನ ಮೇಲೆ ಕೂತಿದ್ದೆ. ಫ್ರೆಂಚ್ ವ್ಯಾಪಾರಿ ತನ್ನ ಪೆಟ್ಟಿಗೆಯ ಮೇಲೆ ಕೂತು ಚುಟ್ಟಾ ಹಚ್ಚಿ ಹೇಳಿದ:

‘ಸೆ ಪಾ ಕಿಲಾ ಪಾ ಫ್ರೆನೆ. ಸೆ ಕ ಲಾ ಕಾಲ್, ಎಲೆತೆ ಪಾ ಲಾ.’

ಅಂದರೆ: ಆತ ಬ್ರೇಕು ಹಾಕಲಿಲ್ಲ ಅಂತಲ್ಲ; ಕೊರಡು, ಅದು ಅಲ್ಲಿರಲಿಲ್ಲ ಅಂತ. ಕೇಳಿ ನನಗೆ ಮೈ ಉರಿಯಿತು. ದಾಸನಕೊಪ್ಪದವರು ಹೇಳಿದ್ದೂ ಇದೇ ವಾಕ್ಯದ ಮೊದಲರ್ಧ! ಈತ ‘ಹಾಗಲ್ಲ’ ಎಂದು ಒಂದು ಊಹೆಯನ್ನು ಕಿತ್ತ ಜಾಗದಲ್ಲಿ ‘ಹೀಗೆ’ ಎಂದು ಇನ್ನೊಂದನ್ನು ನೆಟ್ಟೇ ಕೈತೊಳೆದ. ನಮ್ಮವರು ಕಿತ್ತು ಹೊಂಡ ಬಿಟ್ಟು ನಡೆದರು, ಆ ಹೊಂಡಕ್ಕೆ ಡ್ರೈವರ್ ಬಿದ್ದರು.

‘ಕೊರಡು ಎಲ್ಲಿತ್ತು?’ ಎಂದು ಕೇಳಿದೆ.

ಅವನು ನೋಡಿದ್ದ. ನಾನು ಹೊನ್ನೆ ಮರ ನೋಡುತ್ತಿದ್ದಾಗ ಅವನ ಮುಖ ಮೋಟಾರಿನ ಕಡೆಗಿತ್ತು. ಒಬ್ಬರು ಕೊರಡು ಹೊತ್ತಿದ್ದರು, ಇನ್ನೊಬ್ಬರು ಬಂದು ಅದರ ಇನ್ನೊಂದು ತುದಿ ಹಿಡಿದರು. ಒಬ್ಬರು ಎಳೆದರು, ಇನ್ನೊಬ್ಬರು ಎಳೆದರು. ಇಬ್ಬರೂ ನಗುನಗುತ್ತಲೇ ಎಳೆದಾಡಿದರು. ಗಾಲಿ ಹೊರಟುಹೋಯಿತು. ‘ಯಾಕೆ?’ ಎಂದು ನನ್ನನ್ನೇ ಕೇಳಿದ. ‘ಅದು ಅಷ್ಟು ಬೆಲೆಬಾಳುವ ಮರವೇ?’

ನನಗೆ ಒಮ್ಮೆಲೇ ಎಲ್ಲ ಕಂಡಿತು. ಮಾವನ ಹೆಗಲಿನ ಮೇಲೆ ಭಾರ ಇರುವಾಗ ಹೊಸ ಅಳಿಯ ಕೈಬೀಸಿಕೊಂಡು ನಡೆಯುವಂತಿಲ್ಲ. ಹೊಸ ಅಳಿಯನ ಹೆಗಲಿಗೆ ಭಾರ ಏರಿಸಿ ಮಾವ ಬದುಕುವಂತಿಲ್ಲ. ಇಬ್ಬರೂ ಸರಿ. ಇಬ್ಬರೂ ಅಷ್ಟು ಸರಿಯಾಗಿದ್ದುದರಿಂದಲೇ ನಾನು ಸಾಯಬೇಕಿತ್ತು. ಇದನ್ನು ಫ್ರೆಂಚಿನಲ್ಲಿ ವಿವರಿಸಿದಾಗ ಆತ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ನಗು ನಿಲ್ಲಿಸಿ, ‘ಹಾಗಾದರೆ ಡ್ರೈವರ್?’ ಎಂದ.

ವಿಚಾರಣೆಗೆ ಯಲ್ಲಾಪುರಕ್ಕೆ ಹೋಗುವ ಮೊದಲು ನಾನು ಶಿರಸಿಯಲ್ಲಿ ಡ್ರೈವರನ್ನು ಕಂಡೆ. ಪೇಟೆಯ ಚಹಾದಂಗಡಿಯಲ್ಲಿ ಸುಮ್ಮನೆ ಕೂತಿದ್ದರು. ಸ್ಟಿಯರಿಂಗ್ ಇಲ್ಲದ ಅವರ ಕೈ ಮೇಜಿನ ಮೇಲೆ ಏನು ಮಾಡಬೇಕೆಂದು ತಿಳಿಯದೆ ಬಿದ್ದಿತ್ತು.

‘ಕೊರಡಿನ ವಿಷಯ ನಿಮಗೆ ಗೊತ್ತಾ?’ ಎಂದೆ.

‘ಕಿವಿ ಇದೆಯಲ್ಲ ಸಾಹೇಬ್ರೆ. ಕೊಡ್ರಿ ಮಾವಾರ, ಬಿಡ್ರಿ ಅಳಿಯಂದ್ರ, ಎಲ್ಲ ಕೇಳಿಸ್ತಿತ್ತು. ಮಾವ ಅಳಿಯನ ಮಧ್ಯೆ ಕೊನೆಗೆ ನಾನೇ ಕೊರಡಾದೆ, ನೋಡಿ.’

‘ಮತ್ತೆ ಹೇಳೋದಲ್ವಾ?’

‘ಏನಂತ ಹೇಳ್ಲಿ? ನಿಮ್ಮ ಅಳಿಯ ಎಳೆದ ಅಂತ್ಲಾ, ನಿಮ್ಮ ಮಾವ ಬಿಡ್ಲಿಲ್ಲ ಅಂತ್ಲಾ? ಆ ಹುಡುಗಿ ಕೈಮುರ್ಕೊಂಡು ಗಂಡನ ಮನೆಗೆ ಕಾಲಿಟ್ಟಿದ್ದಾಳೆ. ಕಾಲ್ಗುಣ ಅಂತ ಈಗಾಗ್ಲೇ ಅಂತಿದ್ದಾರಂತೆ. ಅದ್ರ ಮೇಲೆ ಇದೊಂದು ಹೇಳಿದ್ರೆ ಅವಳು ಬಾಳೋದು ಹೇಗೆ?’

‘ನೀವು ಬಾಳೋದು ಹೇಗೆ?’

‘ಅದನ್ನ ನೀವು ಹೇಳ್ಬೇಕು. ಬಿ.ಎ. ಓದಿದ್ದೀರಲ್ಲ’ ಎಂದು ನಕ್ಕರು. ಆ ನಗು ನನಗೆ ಸೇರಲಿಲ್ಲ. ಎಲ್ಲರೂ ಒಳ್ಳೆಯವರು, ಎಲ್ಲರೂ ಇನ್ನೊಬ್ಬರ ಮರ್ಯಾದೆ ಕಾಯುವವರು. ಈ ಒಳ್ಳೆಯತನದಲ್ಲಿ ಒಂದು ಮಾತು ಪೂರ್ತಿಯಾಗಿ ಹೊರಗೆ ಬರುವ ಹಾದಿಯೇ ಇರಲಿಲ್ಲ.

ಸಿದ್ದಾಪುರದಲ್ಲಿ ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಿ ಸಿಡಿಮಿಡಿಗೊಂಡೆ. ಅವಳು ಅಡಕೆ ಕತ್ತರಿಸುತ್ತ, ‘ಹೆಸರು ಹೇಳಿ ಕೈತೋರ್ಸಿದ್ರೆ ಯಾರೂ ಒಪ್ಪ್ತ್ವಿಲ್ಲೆ ತಮಾ. ಮಣೆ ಹಾಕಿಡವು. ಕೂರವು ಅನ್ನಿಸಿದವು ಬಂದು ಕೂರ್ತ’ ಎಂದಳು. ಅದು ಮದುವೆಮನೆಯ ಮಾತೆಂದು ನಾನು ಅಷ್ಟಕ್ಕೇ ಬಿಟ್ಟೆ.

ವಿಚಾರಣೆಯ ದಿನ ಯಲ್ಲಾಪುರದ ಕಚೇರಿಯಲ್ಲಿ ಮೊದಲ ತಕರಾರು ನನ್ನ ಮೇಲೆಯೇ ಬಂತು. ಫೌಜದಾರರು ಧಾರವಾಡದ ಕಡೆಯವರು, ದೊಡ್ಡ ದನಿ.

‘ನೀವು ಸಾಕ್ಷಿಯೋ, ದುಭಾಷಿಯೋ?’

‘ಎರಡೂ.’

‘ಎರಡೂ ಆಗಾಕ ಬರೂದಿಲ್ರಿ.’

‘ಹಾಗಾದರೆ ಫ್ರೆಂಚ್ ಬಲ್ಲ ಬೇರೆಯವರನ್ನು ಕರೆಸಿ.’

ಫೌಜದಾರರು ಕಾರಕೂನನ ಮುಖ ನೋಡಿದರು, ಕಾರಕೂನ ಜವಾನನ ಮುಖ ನೋಡಿದ. ಜವಾನ ಕಿಟಕಿಯ ಹೊರಗೆ ನೋಡಿದ. ‘ಆತು, ಶುರು ಮಾಡ್ರಿ’ ಎಂದರು.

ಮಾವ ಅಳಿಯ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂತಿದ್ದರು. ಡ್ರೈವರ್ ಬಾಗಿಲ ಹತ್ತಿರ ನಿಂತಿದ್ದರು. ಫೌಜದಾರರು ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದರು: ‘ಬ್ರೇಕು ಸರಿ ಇತ್ತು ಅಂತ ಪಂಚನಾಮೆ ಆಗೇದ. ಡ್ರೈವರ್ ಹಾಕ್ಯಾನೋ ಇಲ್ಲೋ? ಹೌದು, ಇಲ್ಲ, ಅಷ್ಟ ಹೇಳಾಕ ಹೇಳ್ರಿ.’

ಇದನ್ನು ಹೇಗೆ ಫ್ರೆಂಚಿಗೆ ತರುವುದು? ಹೌದು ಎಂದರೆ ಬ್ರೇಕು ಹಿಡಿಯಬೇಕಿತ್ತು, ಹಿಡಿಯಲಿಲ್ಲ, ಆದ್ದರಿಂದ ಸುಳ್ಳು. ಇಲ್ಲ ಎಂದರೆ ಮುಗಿದೇಹೋಯಿತು. ಪ್ರಶ್ನೆಯನ್ನು ಇದ್ದಂತೆಯೇ ಹೇಳಿದೆ. ಫ್ರೆಂಚ್ ವ್ಯಾಪಾರಿ ಮೀಸೆ ಒರೆಸಿಕೊಂಡು ಬೆಂಚಿನ ಕಡೆ ಒಮ್ಮೆ ನೋಡಿದ. ನೋಡಿ, ಬೇಕೆಂದೇ ಕಣ್ಣು ತೆಗೆದು ಗೋಡೆಯ ಕಡೆ ತಿರುಗಿಸಿ ಮಾತಾಡಿದ. ಅವನು ಹೇಳಿದ್ದನ್ನು ನಾನು ಒಂದೊಂದೇ ತುಂಡು ಮಾಡಿ ಕನ್ನಡಕ್ಕೆ ತಂದೆ. ತುಂಡುಗಳ ಸಾಲು ಬದಲಾಗದಂತೆ, ಒಂದು ಬಾಗಿಲೂ ತೆರೆದು ಉಳಿಯದಂತೆ, ಮೈಯೆಲ್ಲ ಬೆವರುತ್ತ.

‘ಬ್ರೇಕನ್ನು ಅವರು ಹಾಕಿದರು. ಬ್ರೇಕು, ಅದು ತನ್ನ ಕೆಲಸ ಮಾಡಿತು. ಆ ಏರಿನಲ್ಲಿ ಅದರ ಕೆಲಸ ಎರಡು ಉಸಿರಿನಷ್ಟು ಹೊತ್ತು ಗಾಲಿಯನ್ನು ಹಿಡಿದಿಡುವುದು. ಡ್ರೈವರ್ ತಪ್ಪಿದರು ಅಂತಲ್ಲ. ಕೊರಡು ಗಾಲಿಗೆ ತಲುಪಲಿಲ್ಲ, ಅದು ಕಾರಣ. ಕೊರಡು ಹೊತ್ತವರು ಒಬ್ಬರಿದ್ದರು. ಅವರ ಭಾರ ಇಳಿಸಬೇಕೆಂದು ಕೈಹಚ್ಚಿದವರು ಇನ್ನೊಬ್ಬರಿದ್ದರು. ಇಬ್ಬರೂ ಒಳ್ಳೆಯದಕ್ಕೇ ಮಾಡಿದರು. ಗಾಲಿ ಕಾಯಲಿಲ್ಲ.’

ಕಾರಕೂನನ ಲೇಖನಿ ನಿಂತಿತು. ‘ಯಾರು ಯಾರು ಅಂತ ಬರೀಲಿ?’

‘ಅವರು ಹೆಸರು ಹೇಳಲಿಲ್ಲ.’

‘ಒಬ್ಬರಿದ್ದರು ಅಂದ್ರ ಯಾರೂ ಇರ್ಲಿಲ್ಲ ಅಂದಂಗ ಆತು’ ಎಂದು ಫೌಜದಾರರು ರೇಗಿದರು. ‘ಅಂವ ನೋಡ್ಯಾನೋ ಇಲ್ಲೋ? ಬೆರಳು ಮಾಡಿ ತೋರ್ಸಾಕ ಹೇಳ್ರಿ!’

ನಾನು ಫ್ರೆಂಚ್ ವ್ಯಾಪಾರಿಗೆ ಹೇಳಿದೆ. ಆತ ಭುಜ ಕುಣಿಸಿ, ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದ: ಒಬ್ಬರಿದ್ದರು, ಇನ್ನೊಬ್ಬರಿದ್ದರು. ಅವನ ಭಾಷೆಯಲ್ಲಿ ಆ ಮಾತು ಯಾರನ್ನೂ ಎಳೆದು ತಂದು ನಿಲ್ಲಿಸುವುದಿಲ್ಲ. ಒಂದು ಜಾಗವನ್ನು ಮಾಡಿ ಇಡುತ್ತದೆ, ಅಷ್ಟೇ. ನಾನೂ ಇನ್ನೊಮ್ಮೆ ಕನ್ನಡದಲ್ಲಿ ಹೇಳಿದೆ, ಗೋಡೆ ನೋಡಿಕೊಂಡೇ. ಕಾರಕೂನ ಲೇಖನಿ ಕೆಳಗಿಟ್ಟ. ನನಗೆ ಮತ್ತೆ ಗಾಲಿಯಡಿಯ ಜಲ್ಲಿ ಕೇಳಿಸಿತು. ಇನ್ನು ಮುಗಿಯಿತು, ಫೌಜದಾರರು ಕಾಗದ ಮಡಚುತ್ತಾರೆ, ಡ್ರೈವರ್ ಮನೆಗೆ ನಡೆದುಕೊಂಡು ಹೋಗುತ್ತಾರೆ ಎಂದುಕೊಂಡೆ.

ಬೆಂಚು ಕಿರ್ರೆಂದಿತು. ದಾಸನಕೊಪ್ಪದ ಯಜಮಾನರು ಎದ್ದುನಿಂತಿದ್ದರು. ರುಮಾಲು ಕೈಯಲ್ಲಿತ್ತು.

‘ಹೊತ್ತಾಂವ ನಾನ ರೀ’ ಎಂದರು. ‘ಅಳಿಯಂದ್ರು ಕೊಡ್ರಿ ಅಂದ್ರು. ಅವ್ರ ಕೈಯಾಗ ಕೊರಡು ಕೊಟ್ಟು ನಾ ಹಂಗ ನಡೀಲೇನು ಅಂತ ಬಿಡಲಿಲ್ಲ. ತಪ್ಪು ನಂದು. ಸಾಬರದು ಏನೂ ಇಲ್ಲ.’

ಅಳಿಯನೂ ಎದ್ದ. ‘ಮಾವಾರದು ಅಲ್ರೀ. ಅವ್ರು ಇಟ್ಟ ಬಿಡ್ತಿದ್ರು. ನಡಕ ಕೈಹಚ್ಚಿದಾಂವ ನಾನು.’

‘ಇಲ್ರೀ, ಅವ್ರು ಸಣ್ಣಾವ್ರು. ಬಿಡಬೇಕಿತ್ತು ನಾನು.’

‘ಮಾವಾರ, ನೀವು ಕುಂದರ್ರಿ. ನಾ ಹೇಳ್ತೀನಿ.’

‘ನೀವ ಕುಂದರ್ರಿ ಅಳಿಯಂದ್ರ.’

‘ಏ! ಸಾಕು ಮಾಡ್ರಿ!’ ಎಂದು ಫೌಜದಾರರು ಮೇಜು ಗುದ್ದಿದರು. ‘ಕೊರಡು ಜಗ್ಗಿದ್ರಿ, ಈಗ ತಪ್ಪು ಜಗ್ಯಾಡಾಕ ಹತ್ತೀರಿ? ಇಲ್ಲಿ ಯಾರ ಕಾಲ ಮ್ಯಾಲ ಬೀಳೂದದ?’ ಕಾರಕೂನ ನಗು ತಡೆಯಲಾರದೆ ಕೆಮ್ಮಿದ. ಅಳಿಯ ಆಗ ಮಾವನ ಕೈಹಿಡಿದು ಕೂರಿಸಿದ. ಈ ಸಲ ಮಾವ ಎಳೆಯಲಿಲ್ಲ. ಮುರಿದ ಕೈಯ ಹುಡುಗಿ ಬಂದಿರಲಿಲ್ಲ. ಆದರೆ ಕಿರವತ್ತಿಯ ಮನೆಯಲ್ಲಿ ಕಾಲ್ಗುಣದ ಮಾತು ನಿಂತಿತೆಂದು, ತಪ್ಪು ನನ್ನದು ಎಂದು ಗಂಡನೇ ಮನೆಯವರ ಎದುರು ಹೇಳಿದನೆಂದು ಆಮೇಲೆ ಕೇಳಿದೆ.

ಡ್ರೈವರಿಗೆ ಲೈಸೆನ್ಸು ತಿರುಗಿ ಸಿಕ್ಕಿತು. ಅದನ್ನು ಕಿಸೆಗೆ ಹಾಕಿ, ಮೇಲಿನಿಂದ ಒಮ್ಮೆ ತಟ್ಟಿ ನೋಡಿಕೊಂಡು, ಕಚೇರಿಯ ಮೆಟ್ಟಿಲಿಳಿಯುತ್ತ ಹೇಳಿದರು: ‘ಬಿ.ಎ. ಸಾಹೇಬ್ರೆ, ಕೊರಡು ಹೊತ್ತವರು ಒಬ್ಬರಿದ್ದರು. ಇಷ್ಟನ್ನ ಹೇಳೋಕೆ ನಮ್ಮೂರಿಗೆ ಸಮುದ್ರದಾಚೆಯಿಂದ ಜನ ಬರ್ಬೇಕಾಯ್ತಾ?’



ಫ್ರೆಂಚ್ ವ್ಯಾಪಾರಿ ಮರ ಕೊಂಡು ಹೋದ. ನಾನು ಯಲ್ಲಾಪುರಕ್ಕೆ ಹೋಗಬೇಕಾದಾಗ ಅದೇ ಮೋಟಾರಿನಲ್ಲಿ, ಅದೇ ಡ್ರೈವರ್ ಜೊತೆ ಹೋಗುತ್ತೇನೆ. ಹೊಳೆ ದಾಟಿ ಏರಿನ ಬುಡಕ್ಕೆ ಬಂದಾಗ ಅವರು ಮೋಟಾರು ನಿಲ್ಲಿಸಿ, ಹಿಂದಕ್ಕೆ ತಿರುಗಿ, ದೊಡ್ಡ ದನಿಯಲ್ಲಿ ಕೇಳುತ್ತಾರೆ: ‘ಮಾವ ಅಳಿಯ ಯಾರಾದ್ರೂ ಇದ್ದೀರೇನ್ರೀ? ಇದ್ರೆ ಕೊರಡು ಮುಟ್ಬೇಡಿ, ಬೇರೆಯವ್ರಿಗೆ ಕೊಡಿ!’ ಜನ ಗೊಳ್ಳೆಂದು ನಗುತ್ತಾರೆ. ಹೊಸಬರಿಗೆ ಹಳಬರು ಕಥೆ ಹೇಳಲು ಶುರುಮಾಡುತ್ತಾರೆ, ಬ್ರೇಕು ಕೆಟ್ಟಿತ್ತಂತೆ ಎಂದೇ ಶುರುಮಾಡುತ್ತಾರೆ. ನಾನು ತಿದ್ದುವುದಿಲ್ಲ. ಎಲ್ಲರಿಗಿಂತ ಮೊದಲು ಇಳಿದು, ಕೊರಡು ಯಾರ ಹೆಗಲಿನಲ್ಲಿದೆ ಎಂದು ನೋಡಿ, ದರೆಯ ಬದಿಗೆ ಸರಿದು ನಡೆಯುತ್ತೇನೆ. ಏರು ಮುಗಿಯುವವರೆಗೆ ಯಾರು ಯಾವ ಮರದ ಹೆಸರು ಕೇಳಿದರೂ ತಲೆಯೆತ್ತುವುದಿಲ್ಲ.